ಮಂಗಳವಾರ್ತೆಯ ಹಬ್ಬ ಮತ್ತು ಭ್ರೂಣದ ಜೀವ



ಮಾರ್ಚ್ 25ರ ಮಂಗಳವಾರ್ತೆಯ ಮಹೋತ್ಸವ ಕ್ರಿಸ್ತಜಯಂತಿಗೆ ಸರಿಯಾಗಿ ಒಂಬತ್ತು ತಿಂಗಳ ಮೊದಲು ಬರುತ್ತದೆ. ದೇವಪುತ್ರರು ಮನುಷ್ಯರಾದದ್ದು ಗೋದಲಿಯಲ್ಲಿ ಅಲ್ಲ. ಮಾತೆ ಮರಿಯಮ್ಮನವರು ದೇವದೂತನಿಗೆ ಸಮ್ಮತಿ ನೀಡಿದ ಗಳಿಗೆಯಲ್ಲೇ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವವಾಗಿ ಅವರು ನಮ್ಮ ನಡುವೆ ಬಂದರು. ಹಾಗಾದರೆ ಅಷ್ಟೇ ಚಿಕ್ಕದಾದ ಇತರ ಮಾನವ ಜೀವಗಳನ್ನು ನಾವು ಹೇಗೆ ಕಾಣಬೇಕು?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಈ ಪ್ರಶ್ನೆ ಮತಪೆಟ್ಟಿಗೆಯವರೆಗೂ ಬಂದಿತು. 2004ರ ನವೆಂಬರ್ 2ರಂದು ಅಲ್ಲಿನ ಜನ 71ನೇ ಪ್ರಸ್ತಾವದ ಮೇಲೆ ಮತ ಹಾಕಿದರು. ಆಕರಕೋಶಗಳ, ಅಂದರೆ ಸ್ಟೆಮ್ ಸೆಲ್‌ಗಳ ಸಂಶೋಧನೆಗಾಗಿ ಸರ್ಕಾರಿ ಸಂಸ್ಥೆಯೊಂದನ್ನು ಸ್ಥಾಪಿಸುವುದು, ಅದಕ್ಕೆ ಸಾಲಪತ್ರಗಳ ಮೂಲಕ 300 ಕೋಟಿ ಡಾಲರ್ ಒದಗಿಸುವುದು, ಇಂಥ ಸಂಶೋಧನೆಯ ಹಕ್ಕನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸುವುದು ಅದರ ಉದ್ದೇಶ. ಮಾನವ ಶಿಶುವನ್ನು ತದ್ರೂಪವಾಗಿ ಹುಟ್ಟಿಸುವ ಕೆಲಸಕ್ಕೆ ಹಣ ಕೊಡಬಾರದೆಂಬ ನಿಯಮ ಅದರಲ್ಲಿತ್ತು. ಆದರೆ ಭ್ರೂಣದಿಂದ ಕೋಶ ತೆಗೆಯಲು ಹಣ ಸಿಗುತ್ತಿತ್ತು. ಸುಮಾರು ಐದು ದಿನದ ಭ್ರೂಣದಿಂದ ಆ ಕೋಶಗಳನ್ನು ತೆಗೆದಾಗ ಭ್ರೂಣ ನಾಶವಾಗುತ್ತದೆ. ಆದ್ದರಿಂದಲೇ ಅಲ್ಲಿನ ಧರ್ಮಾಧ್ಯಕ್ಷರು ಪ್ರಸ್ತಾವವನ್ನು ವಿರೋಧಿಸಿದರು. ಆದರೂ ಶೇಕಡಾ 59ರಷ್ಟು ಮತ ಪಡೆದು ಅದು ಅಂಗೀಕಾರವಾಯಿತು. 2020ರಲ್ಲಿ ಮತದಾರರು ಇನ್ನೂ 550 ಕೋಟಿ ಡಾಲರ್‌ಗೆ ಒಪ್ಪಿಗೆ ನೀಡಿದರು.

ಧರ್ಮಸಭೆಗೆ ರೋಗಿಗಳ ಮೇಲೆ ಕನಿಕರವಿಲ್ಲವೇ? ಯೇಸುಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದವರು. ಬೆನ್ನುಹುರಿ ಮುರಿದು ಮಲಗಿದವನ ಆಸೆ ನ್ಯಾಯವಾದದ್ದೇ. ಆದರೆ ಒಬ್ಬನ ಔಷಧಕ್ಕಾಗಿ ಇನ್ನೊಬ್ಬನ ಜೀವ ತೆಗೆಯಬಹುದೇ? "ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಉಳಿದ ಭ್ರೂಣಗಳು ಹೇಗೂ ಸಾಯುತ್ತವಲ್ಲ" ಎನ್ನುವವರಿದ್ದಾರೆ. ಸಾವು ಹತ್ತಿರವಿದೆ ಎಂಬ ಕಾರಣಕ್ಕೆ ಹಾಸಿಗೆ ಹಿಡಿದ ವೃದ್ಧರನ್ನು ನಾವು ಪ್ರಯೋಗಕ್ಕೆ ಒಪ್ಪಿಸುತ್ತೇವೆಯೇ?

ಬೇರೆ ದಾರಿಗಳೂ ಇವೆ. 2008ರ ಸೂಚನಾಪತ್ರದಲ್ಲಿ ಧರ್ಮಸಭೆಯು ವಯಸ್ಕರ ಅಂಗಾಂಶ, ಹೆರಿಗೆಯ ವೇಳೆ ಹೊಕ್ಕುಳಬಳ್ಳಿಯ ರಕ್ತ ಮುಂತಾದವುಗಳಿಂದ, ಯಾರಿಗೂ ಗಂಭೀರ ಹಾನಿಯಾಗದಂತೆ, ಆಕರಕೋಶ ಪಡೆಯುವುದನ್ನು ಒಪ್ಪಿದೆ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಚರ್ಮದ ಕೋಶಗಳನ್ನು, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ಭ್ರೂಣಕೋಶದಂತೆ ಮಾರ್ಪಡಿಸಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಕ್ಯಾಲಿಫೋರ್ನಿಯಾದ ಅದೇ ಸಂಸ್ಥೆಯ ನೆರವಿನಿಂದ, ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟಿದ ಮಕ್ಕಳಿಗೆ ಅವರದೇ ರಕ್ತದ ಆಕರಕೋಶಗಳನ್ನು ಸರಿಪಡಿಸಿ ಚಿಕಿತ್ಸೆ ನೀಡಲಾಗಿದೆ. ಈ ಚಿಕಿತ್ಸೆಗೆ ಭ್ರೂಣ ಬೇಕಾಗಲಿಲ್ಲ.

ಭ್ರೂಣದ ಸಂಶೋಧನೆ ನಾಳೆ ಫಲ ಕೊಟ್ಟರೂ ನಮ್ಮ ನಿಲುವು ಬದಲಾಗದು. ಫಲ ಒಳ್ಳೆಯದಾದ ಮಾತ್ರಕ್ಕೆ ಕೊಲ್ಲುವುದು ಸರಿಯಾಗುವುದಿಲ್ಲ. ಜನರ ಹಣದಿಂದ ಸಂಶೋಧನಾ ಸಂಸ್ಥೆ ಕಟ್ಟುವ ಮಸೂದೆ ಎಲ್ಲೇ ಬರಲಿ, ಇದರಿಂದ ಯಾರು ಬದುಕುತ್ತಾರೆ ಎಂದು ಕೇಳುವಾಗಲೇ ಇದಕ್ಕಾಗಿ ಯಾರು ಸಾಯುತ್ತಾರೆ ಎಂದೂ ಕೇಳೋಣ. ದೇವರ ವಾರ್ತೆಯನ್ನು ತಮ್ಮ ಉದರದಲ್ಲಿ ಸ್ವಾಗತಿಸಿದ ಮಾತೆ ಮರಿಯಮ್ಮನವರು ರೋಗಿಗಳಿಗಾಗಿಯೂ, ವಿಜ್ಞಾನಿಗಳಿಗಾಗಿಯೂ, ಇನ್ನೂ ಹುಟ್ಟದ ಕಂದಮ್ಮಗಳಿಗಾಗಿಯೂ ಪ್ರಾರ್ಥಿಸಲಿ. ಆಮೆನ್.