ಕೆನೆ ಹಾಕದೆ ಸಿಗಡಿ ಪಾಸ್ತಾ

ಬಂದಳಿಕೆಗೆ ಬರುವವರು ಹಳೆಯ ಬಸದಿಯನ್ನೂ ದೇವಾಲಯಗಳನ್ನೂ ನೋಡಿ ಹೋಗುತ್ತಾರೆ. ಸಮುದ್ರ ನಮಗೆ ದೂರ, ಘಟ್ಟದ ಕೆಳಗೆ. ಆದರೂ ಮಂಜುಗಡ್ಡೆಯಲ್ಲಿಟ್ಟ ಕರಾವಳಿಯ ಮೀನು ಘಟ್ಟ ಹತ್ತಿ ನಮ್ಮ ಪೇಟೆಗೆ ಬರುತ್ತದೆ. ಹಾಗಾಗಿ ಹಾಸ್ಟೆಲ್‌ನಿಂದ ರಜೆಗೆ ಬಂದ ಮಗಳು, "ಅಮ್ಮೀ, ಶಿವಮೊಗ್ಗದಲ್ಲಿ ತಿಂದಂಥ ಸಿಗಡಿ ಪಾಸ್ತಾ ಮಾಡೋಣ" ಎಂದಾಗ ನನಗೆ ಸಿಗಡಿಯ ಚಿಂತೆ ಇರಲಿಲ್ಲ. ಚಿಂತೆ ಇದ್ದುದು ಕೆನೆಯದು.

ಕಳೆದ ವರ್ಷ ಎದೆನೋವು ಕಾಣಿಸಿಕೊಂಡ ಮೇಲೆ ಅವಳ ಅಬ್ಬಾನಿಗೆ ವೈದ್ಯರು ತುಪ್ಪ, ಬೆಣ್ಣೆ, ಕೆನೆ ಬಹಳ ಕಡಿಮೆ ಮಾಡಲು ಹೇಳಿದ್ದಾರೆ. ಅಂದಿನಿಂದ ನಮ್ಮ ದಸ್ತರ್‌ಖಾನಿನಲ್ಲಿ ಅವರ ಬಟ್ಟಲು ಬೇರೆ, ನಮ್ಮದು ಬೇರೆ. ಮನೆಯೆಲ್ಲ ಬಿರಿಯಾನಿಯ ಪರಿಮಳ ಇರುವಾಗ ಒಬ್ಬರೇ ಸಪ್ಪೆ ಸಾರು ಉಣ್ಣುವುದನ್ನು ನೋಡುವುದು ಬಡಿಸುವವರಿಗೂ ಕಷ್ಟ. "ನನಗೆ ಗಂಜಿ ಸಾಕು, ನೀವು ತಿನ್ನಿ" ಎಂದು ಅವರು ಹೇಳಿದ್ದೇ ನನಗೆ ಹಠ ಹಿಡಿಸಿತು.

ಅಂಗಡಿಯಲ್ಲಿ ಸಿಗುವ 200 ಮಿ.ಲೀ. ಕೆನೆಯ ಪೊಟ್ಟಣದಲ್ಲಿ ಶೇ. 25 ಕೊಬ್ಬು ಎಂದು ಬರೆದಿರುತ್ತದೆ. ಅಂದರೆ ಒಂದು ಪೊಟ್ಟಣಕ್ಕೆ ಸುಮಾರು 50 ಗ್ರಾಂ. ಶೇ. 3 ಕೊಬ್ಬಿರುವ ಟೋನ್ಡ್ ಹಾಲನ್ನು 250 ಮಿ.ಲೀ. ಹಾಕಿದರೂ ಏಳೂವರೆ ಗ್ರಾಂ ಮಾತ್ರ. ತೆಂಗಿನ ಹಾಲು ಹಾಕಿದರೆ ಹಗುರವಾಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಗಟ್ಟಿ ಕಾಯಿಹಾಲಿನ ಕೊಬ್ಬು ಕೆನೆಗೆ ಹತ್ತಿರವೇ.

ಹಾಗಾದರೆ ಆ ನುಣುಪು ಎಲ್ಲಿಂದ ಬರಬೇಕು? ಪಾಸ್ತಾ ಬೇಯಿಸಿದ ನೀರಿನಿಂದ! ಪಾಸ್ತಾ ಮಾಡುವುದು ಡ್ಯುರಮ್ ಗೋಧಿಯ ರವೆಯಿಂದ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆಯೂ ಅದೇ ಜಾತಿಯದು. ಬೇಯುವಾಗ ಅದರ ಪಿಷ್ಟ ನೀರಿಗೆ ಬಿಡುತ್ತದೆ. ಅನ್ನದ ಗಂಜಿತಿಳಿ ಬಲ್ಲ ನಮಗೆ ಇದು ಹೊಸತಲ್ಲ, ಆದರೂ ಪಾಸ್ತಾ ಎಂದ ಕೂಡಲೇ ಆ ನೀರನ್ನು ಮೋರಿಗೆ ಚೆಲ್ಲುತ್ತೇವೆ. ಶಾವಿಗೆ ಮತ್ತು ಮಾಂಸದ ಜೋಡಿಯೂ ಇಟಲಿಯಿಂದ ಬರಬೇಕಿಲ್ಲ. ಭಟ್ಕಳದ ನವಾಯತರ ಮನೆಗಳಲ್ಲಿ ಶಾವಿಗೆಯ ಬಿರಿಯಾನಿ ಹಿಂದಿನಿಂದಲೂ ಇದೆ.

ಮೊದಲ ಸಲ ಹಾಲು ಹಾಕಿ ಮಾಡಿದೆ. ಅತ್ತೆ ಬಟ್ಟಲು ಮುಟ್ಟಲಿಲ್ಲ. "ಮೀನಿಗೆ ಹಾಲು ಸೇರಿಸಿದರೆ ತೊನ್ನು ಬರುತ್ತದೆ ಬೇಟಿ" ಎಂದರು. ನಮ್ಮಲ್ಲಿ ಬಹಳ ಮನೆಗಳಲ್ಲಿ ಈ ಮಾತಿದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ನಾಶವಾಗುವುದರಿಂದ ತೊನ್ನು ಬರುತ್ತದೆ. ಮೀನು ಹಾಲು ಕೂಡಿಸಿ ತಿಂದದ್ದರಿಂದ ಅದು ಬರುತ್ತದೆ ಎನ್ನಲು ವೈದ್ಯವಿಜ್ಞಾನದಲ್ಲಿ ಆಧಾರವಿಲ್ಲ. ಇದನ್ನು ಹೇಳಿ ನೋಡಿದೆ. ಆದರೆ ಎಪ್ಪತ್ತು ದಾಟಿದವರ ಜೊತೆ ವಾದ ಮಾಡಿ ಊಟ ಮಾಡಿಸಲು ಆಗುವುದಿಲ್ಲ. ಒಬ್ಬರ ಬಟ್ಟಲನ್ನು ನಮ್ಮೊಂದಿಗೆ ಸೇರಿಸಲು ಹೋಗಿ ಇನ್ನೊಬ್ಬರದನ್ನು ಬೇರೆ ಮಾಡಿದಂತಾಯಿತು.

ಮುಂದಿನ ವಾರ ಹಾಲು ಬಿಟ್ಟೆ. ಹದಿನೈದು ಗೋಡಂಬಿಯನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬಿಕೊಂಡೆ. ಗೋಡಂಬಿಯಲ್ಲೂ ಕೊಬ್ಬಿದೆ, ಆದರೆ ಇಷ್ಟರಲ್ಲಿ ಹತ್ತು ಗ್ರಾಂ ಆಸುಪಾಸು, ಅದೂ ಕೆನೆಯಲ್ಲಿರುವಂಥದ್ದಲ್ಲ.

ನಾಲ್ವರಿಗೆ 250 ಗ್ರಾಂ ಪಾಸ್ತಾ, ಸುಲಿದು ನರ ತೆಗೆದ 300 ಗ್ರಾಂ ಸಿಗಡಿ ಸಾಕು. ಪಾಸ್ತಾವನ್ನು ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಒಂದು ನಿಮಿಷ ಮೊದಲೇ ಇಳಿಸಿ, ಒಂದು ದೊಡ್ಡ ಲೋಟ ನೀರು ಎತ್ತಿಡಿ. ಸಿಗಡಿಯ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಎರಡೂ ಬದಿ ಒಂದೊಂದು ನಿಮಿಷ ಹುರಿದು ತೆಗೆದಿಡಿ. ಅರ್ಧಚಂದ್ರದಂತೆ ಬಾಗಿದರೆ ಹದ. ಉಂಗುರದಂತೆ ಸುತ್ತಿಕೊಂಡರೆ ರಬ್ಬರಾಯಿತೆಂದೇ ತಿಳಿಯಿರಿ. ಅದೇ ಬಾಣಲೆಯಲ್ಲಿ ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಬಾಡಿಸಿ, ಗೋಡಂಬಿ ಹಾಗೂ ಎತ್ತಿಟ್ಟ ನೀರು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಸೌಟಿಗೆ ಅಂಟುವಷ್ಟು ಗಟ್ಟಿಯಾದಾಗ ಪಾಸ್ತಾ ಸೇರಿಸಿ ಒಂದು ನಿಮಿಷ ಕೈಯಾಡಿಸಿ. ಒಲೆ ಆರಿಸಿದ ಮೇಲೆ ಸಿಗಡಿ, ಕುಟ್ಟಿದ ಕಾಳುಮೆಣಸು, ಕೊತ್ತಂಬರಿ, ಅರ್ಧ ನಿಂಬೆಯ ರಸ. ಪಾಸ್ತಾ ನೀರಿಗೇ ಉಪ್ಪು ಹಾಕಿರುವುದರಿಂದ ರುಚಿ ನೋಡದೆ ಮತ್ತೆ ಹಾಕಬೇಡಿ. ಹಾಲು ಆಗುವವರು ಗೋಡಂಬಿಯ ಬದಲು 250 ಮಿ.ಲೀ. ತಣ್ಣನೆಯ ಹಾಲಿಗೆ ಒಂದು ಚಮಚ ಕಾರ್ನ್‌ಫ್ಲೋರ್ ಕಲಸಿ ಹಾಕಬಹುದು. ಅದು ಕುದಿಯುವಾಗ ಮಾತ್ರ ನಿಂಬೆ ಹಿಂಡಬಾರದು, ಒಡೆಯುತ್ತದೆ.

ಸಿಗಡಿಯಲ್ಲೂ ಕೊಲೆಸ್ಟ್ರಾಲ್ ಇದೆ, ಕೊಬ್ಬು ಮಾತ್ರ ಬಹಳ ಕಡಿಮೆ. ನಮ್ಮವರ ವೈದ್ಯರು ಎರಡು ವಾರಕ್ಕೊಮ್ಮೆ ಆಗಬಹುದು ಎಂದರು. ನಿಮ್ಮ ಮನೆಯಲ್ಲಿ ಹೃದಯದ ರೋಗಿಗಳಿದ್ದರೆ ನೀವೂ ಕೇಳಿಯೇ ಮಾಡಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ತಾಜಾ ಎಂದು ಮಾರುವುದನ್ನು ಮೂಸಿ ನೋಡಿಯೇ ಕೊಳ್ಳಿ.

ಮನೆಯಲ್ಲೇ ಮಾಡಿದರೆ ಇನ್ನೊಂದು ನೆಮ್ಮದಿ. ಹೋಟೆಲಿನ 'ಸೀಫುಡ್ ಪಾಸ್ತಾ'ದಲ್ಲಿ ಬೊಂಡಾಸ್, ಏಡಿ, ಚಿಪ್ಪು ಎಲ್ಲ ಇರಬಹುದು. ಶಾಫಿ ಮದ್‌ಹಬಿನ ಕರಾವಳಿಯ ಸಹೋದರಿಯರಿಗೆ ಇವುಗಳಲ್ಲಿ ಹೆಚ್ಚಿನವಕ್ಕೆ ಅಡ್ಡಿಯಿಲ್ಲ. ನಮ್ಮ ಕಡೆಯ ಹನಫಿಗಳು ಸಮುದ್ರದ್ದರಲ್ಲಿ ಮೀನು ಮಾತ್ರ ತಿನ್ನುತ್ತಾರೆ. ಸಿಗಡಿಯನ್ನು ಮೀನೆಂದು ಎಣಿಸುವ ಉಲಮಾಗಳೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಬೇಡವೆನ್ನುವವರು ಮುಳ್ಳಿಲ್ಲದ ಇಸ್ವಾಣದ ತುಂಡು ಹಾಕಬಹುದು. ಪಾಶ್ಚಾತ್ಯ ಪಾಕಪುಸ್ತಕಗಳಲ್ಲಿ ಇದಕ್ಕೆ ಬಿಳಿ ವೈನ್ ಹಾಕಲು ಹೇಳಿರುತ್ತದೆ. ನಿಂಬೆ ಹಿಂಡುವುದು ಅದರ ಬದಲಿಗೇ.

ಎರಡನೆಯ ಸಲ ದೊಡ್ಡ ತಟ್ಟೆಯೊಂದರಲ್ಲೇ ಬಡಿಸಿದೆ. ನಮ್ಮವರು ಏನೂ ಹೇಳದೆ ಎರಡು ಸಲ ಹಾಕಿಸಿಕೊಂಡರು. ಅತ್ತೆ ಇದನ್ನು ಇಂದಿಗೂ ಶಾವಿಗೆ ಎಂದೇ ಕರೆಯುತ್ತಾರೆ. ಮಗಳು ಮಾತ್ರ, "ಹೋಟೆಲಿನದೇ ಚೆನ್ನಾಗಿತ್ತು ಅಮ್ಮೀ" ಎಂದಳು, ತಟ್ಟೆಯ ಅಂಚು ಬಳಿಯುತ್ತಾ.