ನಾಳೆಯ ಅರಿವಿಲ್ಲದ ಕಾಗದಗಳು

ಮತದಾನ ಮುಗಿದ ಮರುದಿನ ಚುನಾವಣಾ ಕರಪತ್ರವನ್ನು ಯಾರೂ ಎತ್ತಿಡುವುದಿಲ್ಲ. ಅಚ್ಚು ಹಾಕಿಸಿದ ಪಕ್ಷಕ್ಕೂ ಅದು ಬೇಡ, ಓದಿದವರಿಗೂ ಬೇಡ. ಆದರೆ ಐರ್ಲೆಂಡಿನಲ್ಲಿ ಇಂಥ ಕರಪತ್ರ, ಭಿತ್ತಿಪತ್ರ, ಬಿಲ್ಲೆಗಳನ್ನು ಗ್ರಂಥಾಲಯಗಳೂ ಖಾಸಗಿ ಸಂಗ್ರಾಹಕರೂ ಜತನದಿಂದ ಕೂಡಿಟ್ಟಿದ್ದಾರೆ. ಇದನ್ನು ಬರೀ ಹವ್ಯಾಸವೆಂದು ತಳ್ಳಿಹಾಕಲಾಗದು. ಹೋರಾಟಗಾರನ ಆತ್ಮಕಥೆ ಬರೆಯುವಷ್ಟರಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದು ಗೊತ್ತಾಗಿರುತ್ತದೆ. ನೆನಪು ಅದಕ್ಕೆ ತಕ್ಕಂತೆ ಬಾಗುತ್ತದೆ. ನಾಳೆ ಏನಾಗುತ್ತದೆಂದು ಕರಪತ್ರ ಬರೆದವನಿಗೆ ಗೊತ್ತಿರುವುದಿಲ್ಲ. ಅವನ ಭಯ, ಆಸೆ, ಆತುರಗಳು ತಿದ್ದುಪಡಿಯಿಲ್ಲದೆ ಹಾಳೆಯ ಮೇಲೆ ಉಳಿದಿರುತ್ತವೆ.

ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆಯೆದ್ದವರು ಹೊರಡಿಸಿದ 1916ರ ಐರಿಷ್ ಗಣರಾಜ್ಯದ ಘೋಷಣಾಪತ್ರವನ್ನೇ ನೋಡಿ. ಆ ವರ್ಷದ ಏಪ್ರಿಲ್ 23ರ ಈಸ್ಟರ್ ಭಾನುವಾರ ಡಬ್ಲಿನ್ನಿನ ಲಿಬರ್ಟಿ ಹಾಲ್ ಎಂಬ ಕಾರ್ಮಿಕ ಸಂಘದ ಕಟ್ಟಡದಲ್ಲಿ ಕ್ರಿಸ್ಟೋಫರ್ ಬ್ರೇಡಿ, ಮೈಕೆಲ್ ಮೊಲಾಯ್, ಲಿಯಾಮ್ ಓಬ್ರಿಯನ್ ಎಂಬ ಮೂವರು ಕೆಲಸಗಾರರು ಹಳೆಯ ಯಂತ್ರವೊಂದರಲ್ಲಿ ಅದನ್ನು ಗುಟ್ಟಾಗಿ ಅಚ್ಚು ಹಾಕಿದರು. ಅಚ್ಚಿನ ಮೊಳೆಗಳು ಸಾಲದ್ದರಿಂದ ಮೇಲಿನ ಅರ್ಧವನ್ನು ಮೊದಲು ಮುದ್ರಿಸಿ, ಅದೇ ಮೊಳೆಗಳನ್ನು ಬಿಚ್ಚಿ ಜೋಡಿಸಿ ಕೆಳಗಿನ ಅರ್ಧ ಮುದ್ರಿಸಬೇಕಾಯಿತು. ಇಂಗ್ಲಿಷಿನ 'ಇ' ಅಕ್ಷರದ ಕೊರತೆಯನ್ನು ಬೇರೆ ವಿನ್ಯಾಸದ ಮೊಳೆಗಳಿಂದ ತುಂಬಿದರು. ಮರುದಿನ ದಂಗೆಯ ನಾಯಕ ಪ್ಯಾಟ್ರಿಕ್ ಪಿಯರ್ಸ್ ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯ ಮುಂದೆ ನಿಂತು ಅದನ್ನು ಓದಿದರು. ಮೇ 12ರ ಹೊತ್ತಿಗೆ, ಅದರಲ್ಲಿ ಹೆಸರಿದ್ದ ಏಳೂ ಮಂದಿಯನ್ನು ಬ್ರಿಟಿಷರು ಗುಂಡಿಕ್ಕಿ ಕೊಂದಿದ್ದರು. ಘೋಷಣೆಯ ಒಕ್ಕಣೆ ಇಂದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಆದರೆ ಒಂದು ರಾಷ್ಟ್ರವನ್ನು ಸಾರಲು ಹೊರಟವರ ಬಳಿ ಸಾಕಷ್ಟು ಮೊಳೆಗಳೂ ಇರಲಿಲ್ಲ ಎಂಬ ಸತ್ಯವನ್ನು ಆ ಹೊಂದಾಣಿಕೆಯಿಲ್ಲದ ಅಕ್ಷರಗಳಿರುವ ಮೂಲ ಹಾಳೆ ಮಾತ್ರ ಕಣ್ಣಿಗೆ ಕಾಣುವಂತೆ ತೋರಿಸುತ್ತದೆ.

ಇಂಥ ಮೂಲಪ್ರತಿಗಳು ಈಗ ಕೆಲವೇ ಉಳಿದಿವೆ. ಹರಾಜಿನಲ್ಲಿ ಲಕ್ಷಗಟ್ಟಲೆ ಯೂರೋ ತರುತ್ತವೆ. ಹಾಗಾದರೆ ಇದು ಶ್ರೀಮಂತರ ಮೋಜಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿದೆ. 1788ರಲ್ಲಿ ಹುಟ್ಟಿದ ಅಲ್ಲಿನ ಲಿನನ್ ಹಾಲ್ ಗ್ರಂಥಾಲಯದ ಗ್ರಂಥಪಾಲಕ ಜಿಮ್ಮಿ ವಿಟ್ಟಿ ಅವರ ಕೈಗೆ 1968ರಲ್ಲಿ ನಾಗರಿಕ ಹಕ್ಕುಗಳ ಕರಪತ್ರವೊಂದು ಬಂತು. ಬಿಸಾಡದೆ ಇಟ್ಟುಕೊಂಡ ಆ ಒಂದು ಹಾಳೆಯಿಂದ ಬೆಳೆದ ಸಂಗ್ರಹದಲ್ಲಿ ಇಂದು ಎರಡೂವರೆ ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಬಿಡಿಗಾಸಿಗೂ ಬಾಳದ ಹೊತ್ತಿನಲ್ಲೇ ಕೂಡಿಸಿದ್ದರಿಂದ ಇದು ಸಾಧ್ಯವಾಯಿತು. ಐರ್ಲೆಂಡಿನ ಏಕೀಕರಣ ಬಯಸಿದ ಗಣರಾಜ್ಯವಾದಿಗಳದ್ದೂ, ಬ್ರಿಟನ್ನಿನೊಂದಿಗೇ ಇರಬೇಕೆಂದ ನಿಷ್ಠಾವಾದಿಗಳದ್ದೂ, ಸರ್ಕಾರದ್ದೂ ಆದ ಕಾಗದಗಳು ಅಲ್ಲಿ ಒಂದೇ ಸೂರಿನಡಿ ಇವೆ. 1998ರ ಮೇ 22ರ ಜನಮತಗಣನೆಗೆ ಮುನ್ನ ಉತ್ತರ ಐರ್ಲೆಂಡಿನ ಮನೆಮನೆಗೆ ಹಂಚಿದ, ಈ ಬಣಗಳ ನಡುವಿನ ಸಂಘರ್ಷಕ್ಕೆ ಕೊನೆಹಾಡಲು ಮಾಡಿಕೊಂಡ ಶಾಂತಿ ಒಪ್ಪಂದದ ಪುಸ್ತಿಕೆ ಕೂಡ ಇದೇ ಜಾತಿಯ ಕಾಗದ: ಒಪ್ಪಂದದ ಪಠ್ಯ ಸರ್ಕಾರಿ ಕಡತದಲ್ಲೂ ಇದೆ, ಅದು ಸಾಮಾನ್ಯ ಮತದಾರನ ಕೈಗೆ ಯಾವ ರೂಪದಲ್ಲಿ ತಲುಪಿತೆಂಬುದು ಪುಸ್ತಿಕೆಯಲ್ಲಿದೆ.

ಇನ್ನೆರಡು ಆಕ್ಷೇಪಗಳು ಹೆಚ್ಚು ಗಂಭೀರವಾದವು. ಇವೆಲ್ಲ ಪಕ್ಷಪಾತದ ಪ್ರಚಾರ, ಇವುಗಳಲ್ಲಿ ಸುಳ್ಳೇ ಹೆಚ್ಚು ಎಂಬುದು ಒಂದು. ಮಾತು ನಿಜ. ಆದರೆ ಜನರಿಗೆ ಯಾವ ಸುಳ್ಳನ್ನು ಹೇಳಲಾಯಿತು ಎಂದು ತಿಳಿಯದೆ ಅವರೇಕೆ ಹಾಗೆ ನಡೆದುಕೊಂಡರು ಎಂದು ತಿಳಿಯದು. ಎದುರಾಳಿಯ ಕರಪತ್ರ ಪಕ್ಕದಲ್ಲಿದ್ದರೆ ಸುಳ್ಳು ತಾನಾಗಿ ಬಯಲಾಗುತ್ತದೆ. ಆದ್ದರಿಂದಲೇ ಒಂದು ಪಕ್ಷದ್ದನ್ನಷ್ಟೇ ಕೂಡಿಸುವ ಸಂಗ್ರಹ ಅಪಾಯಕಾರಿ. ಮೂರೂವರೆ ಸಾವಿರದಷ್ಟು ಜೀವಗಳನ್ನು ಬಲಿ ಪಡೆದ ಉತ್ತರ ಐರ್ಲೆಂಡಿನ ಆ ಸಂಘರ್ಷದ ದ್ವೇಷವನ್ನು ಇದು ಕಾಪಿಟ್ಟಂತಲ್ಲವೇ ಎಂಬುದು ಇನ್ನೊಂದು. ಹಲವರ ಮನೆಯಲ್ಲಿ ಈ ಸಾವು ಇನ್ನೂ ಹಳೆಯದಾಗಿಲ್ಲ, ಆದ್ದರಿಂದ ಈ ಆತಂಕವನ್ನು ಗೌರವಿಸಲೇಬೇಕು. ಆದರೂ ಬೆದರಿಕೆಯ ಭಿತ್ತಿಪತ್ರಗಳನ್ನು ನಾಶಮಾಡಿದರೆ ನೋವು ನಾಶವಾಗದು. ನಾವು ಹಾಗೆ ಹೇಳಿಯೇ ಇರಲಿಲ್ಲ ಎನ್ನುವವರಿಗೆ ಅನುಕೂಲವಾಗುತ್ತದೆ, ಅಷ್ಟೆ. ಯಾವ ಹಾಳೆ ಮುಂದೆ ಮುಖ್ಯವಾದೀತೆಂದು ಇವತ್ತೇ ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ. ಎಲ್ಲ ಬಣಗಳದ್ದನ್ನೂ ಬಿಸಿಯಿರುವಾಗಲೇ ಎತ್ತಿಟ್ಟು, ತೂಗಿನೋಡುವ ಹೊಣೆಯನ್ನು ಮುಂದಿನವರಿಗೆ ಬಿಡುವುದೇ ನ್ಯಾಯ.