ಬಿಕಾಂ ಜೊತೆ ಅಪ್ರೆಂಟಿಸ್‌ಶಿಪ್: ಸೇರೋ ಮುಂಚೆ ಕರಾರು ಓದಿ

ಬಿಕಾಂ, ಬಿಬಿಎ ಸೇರುವವರು ಈಚೆಗೆ ನನ್ನನ್ನು ಪದೇ ಪದೇ ಕೇಳೋ ಪ್ರಶ್ನೆ: ‘ಡಿಗ್ರಿ ಒಳಗೇ ಅಪ್ರೆಂಟಿಸ್‌ಶಿಪ್ ಇರೋ ಕೋರ್ಸ್ ತಗೊಳ್ಳೋದಾ, ಮಾಮೂಲಿ ಬಿಕಾಮೇ ಸಾಕಾ?’ ಸ್ಟೈಪೆಂಡ್ ಎಷ್ಟು, ಕೆಲಸ ಏನು ಅನ್ನೋದು ಕರಾರಿನಲ್ಲಿ ಬರೆದಿದ್ದರೆ ತಗೊಳ್ಳಿ, ಬರೀ ಬಾಯಿಮಾತಾದರೆ ಬೇಡ ಅಂತೀನಿ ನಾನು.

ಓದು ಮತ್ತು ಕೆಲಸವನ್ನು ಹೆಣೆಯುವ ಈ ಪದ್ಧತಿ ಹೊಸದಲ್ಲ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಮೇಷ್ಟ್ರು ‘ಕೋ-ಆಪ್’ ಹೆಸರಲ್ಲಿ ಇದನ್ನು ಶುರು ಮಾಡಿದರು. ಸ್ವಲ್ಪ ದಿನ ಕ್ಲಾಸು, ಸ್ವಲ್ಪ ದಿನ ಫ್ಯಾಕ್ಟರಿ, ಫ್ಯಾಕ್ಟರಿ ದಿನಗಳಿಗೆ ಸಂಬಳ. ನಮ್ಮಲ್ಲಿ ‘ಇಂಟರ್ನ್‌ಶಿಪ್’ ಅನ್ನೋ ಪದ ಬಂತು, ಸಂಬಳ ಅನ್ನೋದು ದಾರಿಯಲ್ಲೆಲ್ಲೋ ಬಿದ್ದುಹೋಯ್ತು. ನಾನು ಎಂಜಿನಿಯರಿಂಗ್ ಓದುವಾಗ ಇಂಟರ್ನ್‌ಶಿಪ್ ಅಂದ್ರೆ ಎರಡು ದಿನ ಮೆಷಿನ್ ನೋಡಿ ಸರ್ಟಿಫಿಕೇಟಿಗೆ ಸೀಲ್ ಹಾಕಿಸಿಕೊಂಡು ಬರೋದು!

ಈಗಿನ ಅಪ್ರೆಂಟಿಸ್‌ಶಿಪ್ ಎಂಬೆಡೆಡ್ ಡಿಗ್ರಿ (ಎಇಡಿಪಿ) ಅದಕ್ಕಿಂತ ಗಟ್ಟಿ. ಯುಜಿಸಿ ಮಾರ್ಗಸೂಚಿ ಪ್ರಕಾರ ಮೂರು ವರ್ಷದ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್ ಕಂಪನಿಯಲ್ಲಿ ಕಳೆಯಬಹುದು, ಅದಕ್ಕೆ ಕ್ರೆಡಿಟ್ ಸಿಗುತ್ತೆ. ಇದರ ಬೆನ್ನಿಗೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2019ರ ನಿಯಮದಲ್ಲಿ ಪದವಿ ಹಂತದ ಅಪ್ರೆಂಟಿಸ್‌ಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ನಿಗದಿಯಾಯ್ತು. 2025ರ ಮೇನಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಸ್ಟೈಪೆಂಡ್ ಅನ್ನು ಶೇ 36ರಷ್ಟು ಏರಿಸಲು ಶಿಫಾರಸು ಮಾಡಿತು.

ಹಾಗಂತ ಇದು ನೌಕರಿ ಅಂದುಕೊಳ್ಳಬೇಡಿ. ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಪ್ರೆಂಟಿಸ್ ಕಲಿಯುವವರೇ ಹೊರತು ಕಾರ್ಮಿಕರಲ್ಲ. ಕೆಲಸದ ವೇಳೆ ಗಾಯವಾದರೆ ಪರಿಹಾರ ಕೊಡಬೇಕು, ನಿಜ. ಆದರೆ ಕಾರ್ಮಿಕ ಕಾನೂನುಗಳ ಬಹುಪಾಲು ರಕ್ಷಣೆ ನಿಮಗಿಲ್ಲ. ತರಬೇತಿ ಮುಗಿದ ಮೇಲೆ ನಿಮ್ಮನ್ನು ಕಾಯಂ ಮಾಡಲೇಬೇಕೆಂಬ ಬಾಧ್ಯತೆಯೂ ಕಂಪನಿಗಿಲ್ಲ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ತನ್ನ ಒಟ್ಟು ಬಲದ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಬೇಕು, ಕೇಂದ್ರದ ನ್ಯಾಟ್ಸ್ ಯೋಜನೆಯಡಿ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಸರ್ಕಾರವೇ ಭರಿಸುತ್ತೆ. ಲೆಕ್ಕ ಓದಿದವರಿಗೆ ಹೇಳಬೇಕಾ? ಒಂದು ಬ್ಯಾಚ್ ಹೋದರೆ ಇನ್ನೊಂದು ಬರುತ್ತೆ ಅನ್ನೋ ಧೈರ್ಯ ಇದ್ದಾಗ ಮಾಲ್‌ನ ಬಿಲ್ಲಿಂಗ್ ಕೌಂಟರಿಗೆ ಕಾಯಂ ನೌಕರ ಯಾಕೆ ಬೇಕು?

ಇನ್ನು 9,000ದಲ್ಲಿ ಬದುಕೋದು. ಬೆಂಗಳೂರಲ್ಲೇ ಮನೆ ಇರೋ ಹುಡುಗನಿಗೆ ಅದು ಪಾಕೆಟ್ ಮನಿ. ಸಿಂಧನೂರಿನಿಂದ ಬಂದವಳಿಗೆ ಪಿಜಿ ಬಾಡಿಗೆ, ಊಟ ಕಳೆದರೆ ಉಳಿಯೋದು ಬಿಡಿಗಾಸು. ಸಿಟಿ ಬಸ್ಸಿಗೆ ಶಕ್ತಿ ಯೋಜನೆ ಇದೆ ಅನ್ನೋದೊಂದೇ ಸಮಾಧಾನ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಮೊದಲ ಸುತ್ತಿನಲ್ಲಿ ಸುಮಾರು 82,000 ಆಫರ್ ಹೋದವು, ಸೇರಿದವರು 9,000ಕ್ಕೂ ಕಡಿಮೆ. ತಿಂಗಳಿಗೆ 5,000 ಕೊಟ್ಟು ದೂರದೂರಿಗೆ ಬಾ ಅಂದರೆ ಯಾರು ಹೋಗ್ತಾರೆ? (ಅಂದಹಾಗೆ, ಆ ಸುತ್ತಿನಲ್ಲಿ ರೆಗ್ಯುಲರ್ ಕಾಲೇಜಿನಲ್ಲಿ ಓದುತ್ತಿದ್ದವರಿಗೆ ಈ ಯೋಜನೆ ಇರಲಿಲ್ಲ. ಎರಡನ್ನೂ ಒಂದೇ ಅಂತ ಗೊಂದಲ ಮಾಡ್ಕೋಬೇಡಿ.)

ಆದ್ದರಿಂದ ಅಡ್ಮಿಷನ್ ಹೊತ್ತಲ್ಲೇ ಕಾಲೇಜನ್ನು ಕೇಳಿ: ಕಂಪನಿ ಯಾವುದು, ಯಾವ ಊರಲ್ಲಿ? ಕರಾರು ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತಾ? ಸ್ಟೈಪೆಂಡ್ ಬ್ಯಾಂಕ್ ಖಾತೆಗೆ ಬರುತ್ತಾ? ಕಂಪನಿ ಮಧ್ಯದಲ್ಲಿ ಕೈಬಿಟ್ಟರೆ ನನ್ನ ಕ್ರೆಡಿಟ್ ಗತಿ ಏನು? ಹಿಂದಿನ ಬ್ಯಾಚಿನ ಇಬ್ಬರ ನಂಬರ್ ಇಸ್ಕೊಂಡು, ದಿನಾ ಏನು ಕೆಲಸ ಮಾಡಿಸ್ತಾರೆ ಅಂತ ಅವರನ್ನೇ ಕೇಳಿ. ಜಿಎಸ್‌ಟಿ ರಿಟರ್ನ್, ಸ್ಟಾಕ್ ಲೆಕ್ಕ, ಸಾಲದ ಫೈಲು ಅಂದರೆ ಕಲಿಯೋಕೆ ಏನೋ ಇದೆ. ಕ್ರೆಡಿಟ್ ಕಾರ್ಡ್ ಮಾರೋ ಟಾರ್ಗೆಟ್ ಅಂದರೆ ವಾಪಸ್ ಬನ್ನಿ.

ಸಿಎ ಮಾಡೋ ಆಸೆ ಇರುವವರಿಗೆ ಲೆಕ್ಕ ಬೇರೆ. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮೂರರಿಂದ ಎರಡು ವರ್ಷಕ್ಕೆ ಇಳಿದಿದ್ದರೂ ಅದು ಹೇಗಿದ್ದರೂ ಮಾಡಲೇಬೇಕು. ಅಂಥವರು ರೀಟೇಲ್ ಅಂಗಡಿಯಲ್ಲಿ ಮೂರು ಸೆಮಿಸ್ಟರ್ ಕಳೆಯೋದಕ್ಕಿಂತ ಮಾಮೂಲಿ ಬಿಕಾಂ ಸೇರಿ ಇಂಟರ್‌ಮೀಡಿಯೇಟ್ ಪಾಸು ಮಾಡಿಕೊಳ್ಳೋದೇ ಒಳ್ಳೇದು.